ಕ್ಯಾನ್ಸರ್ ತಡೆಯೋ ಜೀನು, ಮುಪ್ಪು ತರೋ ಜೀನು

"ವಯಸ್ಸಾಯ್ತ್ರೀ, ಮೈ ಸವದದ, ಇನ್ನೇನ್ ಇರ್ತದ." ಕಲಬುರಗಿ ಕಡೆ ಮುಪ್ಪಿನ ಮಾತು ಬಂದರೆ ಹೆಚ್ಚಿನವರು ಇಷ್ಟು ಹೇಳಿ ಮುಗಿಸುತ್ತಾರೆ. ಮಾತಿನಲ್ಲಿ ಸುಳ್ಳಿಲ್ಲ. ಹಲ್ಲು ಸವೆಯುತ್ತದೆ, ಮೊಣಕಾಲು ಸವೆಯುತ್ತದೆ. ಆದರೆ ಮುಪ್ಪಿನಲ್ಲಿ ಇನ್ನೊಂದು ಪಾಲಿದೆ, ಅದನ್ನು ಮೈ ತಾನೇ ಕೈಯಾರೆ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಆಗದಿರಲಿ ಅಂತ ಕೆಲವು ಜೀವಕೋಶಗಳನ್ನು ಬೆಳೆಯದಂತೆ ನಿಲ್ಲಿಸಿಬಿಡುತ್ತದೆ, ಕೆಲವನ್ನು ಸಾಯಿಸುತ್ತದೆ. ಮೂವತ್ತು ನಲವತ್ತು ವರ್ಷ ನಮ್ಮನ್ನು ಕಾಪಾಡುವ ಈ ಕೆಲಸದ ಖರ್ಚು ಅರವತ್ತರ ಮೇಲೆ ಲೆಕ್ಕಕ್ಕೆ ಬರುತ್ತದೆ. ಆ ಖರ್ಚು ಎಷ್ಟು, ಅದನ್ನು ಕೊಡಲೇಬೇಕಾ ಅನ್ನುವುದು ಈ ಬರಹದ ವಿಷಯ.

ನಾನು ಇಲ್ಲಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರಲ್ಲ, ರಿಪೋರ್ಟ್ ಬರೆಯುವುದು ಮೇಡಂ. ಬಯಾಪ್ಸಿ ತುಂಡು ಫಾರ್ಮಲಿನ್ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುವುದು, ಮೈಕ್ರೋಟೋಮ್ ಮೇಲೆ ಮೂರ್ನಾಲ್ಕು ಮೈಕ್ರಾನ್ ತೆಳುವಾಗಿ ಕತ್ತರಿಸುವುದು, ಬೆಚ್ಚಗಿನ ನೀರಿನಲ್ಲಿ ತೇಲಿಸಿ ಸ್ಲೈಡಿಗೆ ಎತ್ತಿಕೊಂಡು ಬಣ್ಣ ಹಾಕುವುದು ನನ್ನ ಕೆಲಸ. ಏಪ್ರಿಲ್, ಮೇ ಬಂದರೆ ಇಲ್ಲಿ 42, 43 ಡಿಗ್ರಿ ಬಿಸಿಲು. ಕರೆಂಟ್ ಹೋಗಿ ಏಸಿ ನಿಂತರೆ ಮೇಣ ಮೆತ್ತಗಾಗುತ್ತದೆ, ಕತ್ತರಿಸಿದ ಮೇಣದ ರಿಬ್ಬನ್ ಬ್ಲೇಡಿನ ಅಂಚಿನಲ್ಲೇ ಮುದುರಿಕೊಳ್ಳುತ್ತದೆ. ಬ್ಲಾಕನ್ನು ಐಸ್ ಟ್ರೇ ಮೇಲೆ ಬೋರಲು ಇಟ್ಟು, ಬೆರಳಿಗೆ ತಣ್ಣಗೆ ಹತ್ತಿದ ಕೂಡಲೇ ಬೇಗ ಬೇಗ ನಾಲ್ಕು ಸೆಕ್ಷನ್ ತೆಗೆದು ಮತ್ತೆ ಐಸಿಗೆ ಹಾಕಬೇಕು. ಹೀಗೆ ದಿನವಿಡೀ. ಬರುವ ತುಂಡುಗಳಲ್ಲಿ ಬಾಯಿಯವು ಬಹಳ. ಗುಟ್ಕಾ, ತಂಬಾಕು, ಮತ್ತೇನು.

ಕೆಲವು ಬ್ಲಾಕುಗಳಿಗೆ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ಐಎಚ್‌ಸಿ ಅನ್ನುತ್ತೇವೆ. ಯಾವ ಪ್ರೋಟೀನ್ ಕೋಶದಲ್ಲಿ ಎಲ್ಲಿದೆ ಅನ್ನುವುದನ್ನು ಕಂದು ಬಣ್ಣದಲ್ಲಿ ತೋರಿಸುವ ಪರೀಕ್ಷೆ. ನಮ್ಮಲ್ಲಿ ಎಲ್ಲವೂ ಆಗುವುದಿಲ್ಲ, ಹೈದರಾಬಾದಿಗೆ ಕಳಿಸುತ್ತೇವೆ. ಸ್ಲೈಡು ವಾಪಸ್ ಬಂದ ಮೇಲೆ ಮೇಡಂ ನೋಡಿ ಮುಗಿಸಿದರೆ ನಾನೂ ಒಮ್ಮೆ ಕಣ್ಣಿಡುತ್ತೇನೆ. ಪಿ53 ಸ್ಲೈಡು ಮೊದಲ ನೋಟಕ್ಕೆ ತಲೆಕೆಳಗು ಅನಿಸುತ್ತದೆ. ಪಿ53 ಕ್ಯಾನ್ಸರ್ ತಡೆಯುವ ಪ್ರೋಟೀನ್, ಅದನ್ನು ಮಾಡಿಸುವ ಜೀನಿಗೂ ಅದೇ ಹೆಸರು. ಅಂದಮೇಲೆ ಆರೋಗ್ಯವಾಗಿರುವ ಕಡೆ ಅದು ತುಂಬಿರಬೇಕಲ್ವಾ? ಅಲ್ಲಿ ಕಾಣುವುದು ಅಲ್ಲೊಂದು ಇಲ್ಲೊಂದು ತಿಳಿ ಕಂದು ಚುಕ್ಕೆ ಮಾತ್ರ. ಗಡ್ಡೆಯ ಭಾಗಕ್ಕೆ ಸ್ಲೈಡು ಸರಿಸಿದರೆ, ಹಲವು ಸಲ, ಸಾಲು ಸಾಲು ಕೋಶಗಳ ನಡುಭಾಗ ಗಾಢ ಕಂದು. ಇನ್ನು ಕೆಲವು ಸ್ಲೈಡಿನಲ್ಲಿ ಗಡ್ಡೆ ಪೂರ್ತಿ ಖಾಲಿ, ಒಂದು ಚುಕ್ಕೆಯೂ ಇಲ್ಲ. ಎರಡೂ ಕೆಟ್ಟ ಸುದ್ದಿಯೇ.

ಕಾರಣ ಹೀಗಿದೆ. ಸರಿಯಾಗಿರುವ ಕೋಶದಲ್ಲಿ ಪಿ53 ಹುಟ್ಟುತ್ತಲೇ ಇರುತ್ತದೆ, ಎಮ್‌ಡಿಎಮ್2 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಕೊಲ್ಲಿಸುತ್ತಲೇ ಇರುತ್ತದೆ. ಹುಟ್ಟಿದ ಪಿ53ರಲ್ಲಿ ಅರ್ಧ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಇಲ್ಲವಾಗುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಮಾತ್ರ ಈ ಕೊಲೆ ನಿಲ್ಲುತ್ತದೆ. ಪಿ53 ಏರುತ್ತದೆ. ಆಮೇಲೆ ಮೂರರಲ್ಲಿ ಒಂದು: ಪೆಟ್ಟು ಸಣ್ಣದಾದರೆ ಕೋಶದ ವಿಭಜನೆ ನಿಲ್ಲಿಸಿ ರಿಪೇರಿಗೆ ಸಮಯ ಕೊಡುತ್ತದೆ, ದೊಡ್ಡದಾದರೆ ಕೋಶವನ್ನು ಸಾಯಿಸುತ್ತದೆ, ಇಲ್ಲವೇ ಬದುಕಿರಲಿ ಆದರೆ ಇನ್ನೆಂದೂ ವಿಭಜನೆ ಆಗಬಾರದು ಅಂತ ಮಾಡಿಬಿಡುತ್ತದೆ. ಜೀನ್ ಕೆಟ್ಟಾಗ ಹುಟ್ಟುವ ವಕ್ರ ಪಿ53 ಕೆಲಸ ಮಾಡುವುದಿಲ್ಲ, ಬೇಗ ಸಾಯುವುದೂ ಇಲ್ಲ. ಅದಕ್ಕೇ ಆ ಗಾಢ ಕಂದು. ಜೀನ್ ತುಂಡಾಗಿ ಹೋದರೆ ಏನೂ ಹುಟ್ಟುವುದಿಲ್ಲ. ಅದಕ್ಕೇ ಆ ಖಾಲಿ.

ಈ ವಕ್ರ ಪಿ53 ವಿಜ್ಞಾನಿಗಳನ್ನೂ ಹತ್ತು ವರ್ಷ ದಾರಿ ತಪ್ಪಿಸಿತ್ತು. ಪಿ53 ಕಣ್ಣಿಗೆ ಬಿದ್ದದ್ದು 1979ರಲ್ಲಿ. ಕ್ಯಾನ್ಸರ್ ಕೋಶಗಳಲ್ಲಿ ರಾಶಿ ಸಿಕ್ಕಿದ್ದರಿಂದ ಇದೇ ಕ್ಯಾನ್ಸರ್ ತರುತ್ತದೆ ಅಂದುಕೊಂಡರು. ಲ್ಯಾಬುಗಳಲ್ಲಿ ಕೈಯಿಂದ ಕೈಗೆ ಹೋದ ಜೀನಿನ ಪ್ರತಿಗಳೂ ಹೆಚ್ಚಿನವು ಕೆಟ್ಟವೇ ಆಗಿದ್ದವು. 1989ರ ಹೊತ್ತಿಗೆ ಅಸಲಿ ಜೀನ್ ಗಡ್ಡೆ ತಡೆಯುತ್ತದೆ ಅಂತ ಖಾತ್ರಿಯಾಯಿತು. 1992ರಲ್ಲಿ ವಿಜ್ಞಾನಿ ಡೇವಿಡ್ ಲೇನ್ ಅದನ್ನು ಜೀನೋಮಿನ, ಅಂದರೆ ಕೋಶದ ಪೂರ್ತಿ ಡಿಎನ್‌ಎಯ, ಕಾವಲುಗಾರ ಅಂತ ಕರೆದರು, ಆ ಹೆಸರು ಅಂಟಿಕೊಂಡಿತು. ಮನುಷ್ಯರ ಕ್ಯಾನ್ಸರುಗಳಲ್ಲಿ ಹತ್ತಿರ ಹತ್ತಿರ ಅರ್ಧದಲ್ಲಿ ಈ ಒಂದು ಜೀನ್ ಕೆಟ್ಟಿರುತ್ತದೆ. ಹುಟ್ಟುವಾಗಲೇ ಇದರ ಒಂದು ಪ್ರತಿ ಕೆಟ್ಟಿರುವ ಮನೆತನಗಳೂ ಇವೆ. ಅದಕ್ಕೆ ಲೀ-ಫ್ರಾಮೆನಿ ಸಿಂಡ್ರೋಮ್ ಅನ್ನುತ್ತಾರೆ. ಒಬ್ಬರಿಗೆ ಮೂಳೆಯಲ್ಲಿ, ಇನ್ನೊಬ್ಬರಿಗೆ ಸ್ತನದಲ್ಲಿ, ಮಗುವಿಗೆ ಮಿದುಳಿನಲ್ಲಿ, ಎಲ್ಲ ಚಿಕ್ಕ ವಯಸ್ಸಿಗೇ.

ಹಾಗಾದರೆ ಪಿ53 ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ? ಈ ಪ್ರಶ್ನೆಗೆ ಉತ್ತರ ಬಂದದ್ದು ಒಂದು ಎಡವಟ್ಟಿನಿಂದ.

ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಲಾರೆನ್ಸ್ ಡೊನೆಹೋವರ್ ಅವರ ತಂಡ ಇಲಿಗಳ ಪಿ53 ಜೀನಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಲು ಹೊರಟಿತ್ತು. ಪ್ರಯೋಗ ಕೈತಪ್ಪಿ ಜೀನಿನ ಮುಂದಿನ ದೊಡ್ಡ ಭಾಗವೇ ಹಾರಿಹೋಯಿತು. ಉಳಿದದ್ದು ಬಾಲದ ಕಡೆಯ ತುಂಡು. ಆ ತುಂಡು ಸುಮ್ನೆ ಕೂರಲಿಲ್ಲ. ಜೊತೆಗಿದ್ದ ಒಳ್ಳೆಯ ಪ್ರತಿಯ ಪಿ53ರನ್ನು ಇನ್ನಷ್ಟು ಚುರುಕು ಮಾಡಿತು. ಇಂಥ ಇಲಿಗಳನ್ನು ಕೆಟ್ಟವು ಅಂತ ಬಿಸಾಡದೆ, ಸಾಕಿ, ಮುದಿಯಾಗುವವರೆಗೆ ಕಾದು ನೋಡಿದ್ದು ಆ ತಂಡದ ದೊಡ್ಡತನ. ಮಾಮೂಲಿ ಇಲಿಗಳಲ್ಲಿ ನೂರಕ್ಕೆ ನಲವತ್ತೈದಕ್ಕಿಂತ ಹೆಚ್ಚಿನವಕ್ಕೆ ಗಡ್ಡೆಯಾದವು. ಇವುಗಳಲ್ಲಿ ನೂರಕ್ಕೆ ಆರಕ್ಕೆ ಮಾತ್ರ. ಕ್ಯಾನ್ಸರಿನಿಂದ ಹೆಚ್ಚುಕಡಿಮೆ ಪಾರಾದ ಇಲಿಗಳು. ನೂರು ವಾರ ದಾಟಿ ಬದುಕಬೇಕಿತ್ತು, ಅಲ್ವಾ?

ಬದುಕಲಿಲ್ಲ. ಮಾಮೂಲಿ ಇಲಿಗಳ ಸರಾಸರಿ ಆಯಸ್ಸು 118 ವಾರ ಇದ್ದರೆ ಇವುಗಳದ್ದು 96 ವಾರ. ಬೆನ್ನು ಬಾಗಿತು, ಮೂಳೆ ಟೊಳ್ಳಾಯಿತು, ಮೈ ಒಣಗಿತು, ಗಾಯ ಮಾಯಲು ತಡವಾಯಿತು, ಬೋಳಿಸಿದ ಕೂದಲು ಮತ್ತೆ ಬೆಳೆಯಲು ದಿನ ಹಿಡಿಯಿತು. 2002ರ ಜನವರಿಯಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂದಾಗ ಬಹಳ ಮಂದಿಗೆ ಬಗೆಹರಿದಂತೆ ಅನಿಸಿತು: ಕ್ಯಾನ್ಸರ್ ಬೇಡವಾದರೆ ಮುಪ್ಪು ತಗೋ, ಮುಪ್ಪು ಬೇಡವಾದರೆ ಕ್ಯಾನ್ಸರ್ ತಗೋ. ಮೈಯಲ್ಲಿ ಹೊಸ ಕೋಶ ಹುಟ್ಟಿಸುವ ಕಾಂಡಕೋಶಗಳನ್ನು ಪಿ53 ಜಾಸ್ತಿ ನಿಲ್ಲಿಸಿದರೆ ಹಳತರ ಜಾಗಕ್ಕೆ ಹೊಸದು ಬರುವುದಿಲ್ಲ, ಅಷ್ಟೇ ಲೆಕ್ಕ.

ಆದರೆ ಅದೇ ವರ್ಷ ಸ್ಪೇನಿನಿಂದ ಇನ್ನೊಂದು ಇಲಿ ಬಂತು. ಮಾನ್ಯುಯೆಲ್ ಸೆರಾನೋ ಅವರ ತಂಡ ಪಿ53 ಜೀನಿನ ಇನ್ನೊಂದು ಪೂರ್ತಿ ಪ್ರತಿಯನ್ನು ಅದರ ಸುತ್ತಲಿನ ಆನ್-ಆಫ್ ವ್ಯವಸ್ಥೆ ಸಮೇತ ಇಲಿಗಳಿಗೆ ಸೇರಿಸಿತ್ತು. ಇವಕ್ಕೂ ಕ್ಯಾನ್ಸರ್ ಕಡಿಮೆ. ಆದರೆ ಬೇಗ ಮುದಿಯಾಗಲಿಲ್ಲ. 2007ರಲ್ಲಿ ಅದೇ ತಂಡದವರು ಪಿ53ರ ಜೊತೆ, ಅದನ್ನು ಎಬ್ಬಿಸುವ ಆರ್ಫ್ ಅನ್ನುವ ಜೀನಿನ ಪ್ರತಿಯನ್ನೂ ಸೇರಿಸಿದರು. ಆ ಇಲಿಗಳು ಮಾಮೂಲಿಗಿಂತ ಸರಾಸರಿ ನೂರಕ್ಕೆ 16 ಪಾಲು ಹೆಚ್ಚು ಬದುಕಿದವು. ಕ್ಯಾನ್ಸರ್ ಆಗದವುಗಳನ್ನಷ್ಟೇ ತೆಗೆದುಕೊಂಡು ನೋಡಿದರೂ ಆಯಸ್ಸು ಹೆಚ್ಚೇ ಇತ್ತು. ಅಂದರೆ ಗಡ್ಡೆ ತಪ್ಪಿದ್ದಕ್ಕೆ ಮಾತ್ರ ಉಳಿದದ್ದಲ್ಲ, ಮುಪ್ಪೇ ತಡವಾಗಿತ್ತು.

ಹ್ಯೂಸ್ಟನ್ನಿನ ಇಲಿಯಲ್ಲಿ ಪಿ53 ಹೊತ್ತಿಲ್ಲ ಗೊತ್ತಿಲ್ಲ ಎಚ್ಚರವಾಗಿಯೇ ಇತ್ತು. ಸ್ಪೇನಿನ ಇಲಿಯಲ್ಲಿ ಬೇಕಾದಾಗ ಎದ್ದು, ಕೆಲಸ ಮುಗಿಸಿ, ಮಲಗುತ್ತಿತ್ತು. ಚಿತ್ತಾಪುರದ ಹತ್ತಿರ ನಮ್ಮ ಕಾಕಾನ ತೊಗರಿ ಹೊಲವಿದೆ. ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಕುಡಿ ಚಿವುಟುತ್ತಾರೆ. ಸಾಲಿನಲ್ಲಿ ಬಗ್ಗಿ ನಡೆಯುತ್ತ ತುದಿಯ ಎಳೆ ಎಲೆಗಳನ್ನು ಹೆಬ್ಬೆರಳು ತೋರುಬೆರಳಲ್ಲಿ ಪಟ್ಟನೆ ಮುರಿಯುವುದು. ಸಂಜೆಗೆ ಉಗುರು ಹಸಿರು, ಸೊಂಟ ಹಿಡಿದಿರುತ್ತದೆ. ಮೇಲಕ್ಕೆ ಓಡುವ ಬೆಳವಣಿಗೆ ನಿಂತು ಪಕ್ಕದ ಟೊಂಗೆ ಒಡೆಯುತ್ತವೆ, ಕಾಯಿ ಜಾಸ್ತಿ ಹಿಡಿಯುತ್ತದೆ. ಅದೇ ಕೈ ಹೂವಿನ ಹೊತ್ತಿಗೂ ಚಿವುಟುತ್ತ ಹೋದರೆ ಆ ವರ್ಷ ಬೇಳೆ ಕೊಂಡು ತಿನ್ನಬೇಕು. ಚಿವುಟುವುದು ಒಳ್ಳೆಯದಾ ಕೆಟ್ಟದ್ದಾ ಅಂತ ಕಾಕಾನನ್ನು ಕೇಳಿದರೆ ಅವನು ಕೇಳುವುದು, "ಯಾವಾಗ?" ಪಿ53 ಬಗ್ಗೆಯೂ ಅದೇ ಪ್ರಶ್ನೆ ಸರಿ ಅಂತ ನನಗೆ ಅನಿಸುತ್ತದೆ.

ಕೋಶಗಳು ನಿಂತುಹೋಗುವುದನ್ನು ಮೊದಲು ತೋರಿಸಿದವರು ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, 1961ರಲ್ಲಿ. ಮನುಷ್ಯರ ಕೋಶಗಳನ್ನು ಬಾಟಲಿಯಲ್ಲಿ ಬೆಳೆಸಿದರೆ ಐವತ್ತರ ಆಸುಪಾಸು ಸಲ ಇಬ್ಭಾಗವಾಗಿ ನಿಲ್ಲುತ್ತವೆ. ಸಾಯುವುದಿಲ್ಲ. ಕೂತಿರುತ್ತವೆ. ಪ್ರತಿ ವಿಭಜನೆಗೆ ವರ್ಣತಂತುಗಳ ತುದಿಯ ಟೆಲೋಮಿಯರ್ ಸ್ವಲ್ಪ ಸ್ವಲ್ಪ ಮೋಟಾಗುತ್ತದೆ, ತೀರಾ ಮೋಟಾದಾಗ ಕೋಶ ಅದನ್ನು ಡಿಎನ್‌ಎ ಪೆಟ್ಟು ಅಂತ ಓದಿಕೊಳ್ಳುತ್ತದೆ, ಪಿ53 ಏಳುತ್ತದೆ. ಇಲ್ಲಿ ಇನ್ನೊಬ್ಬ ಕಾವಲಿನವನೂ ಬರುತ್ತಾನೆ, ಪಿ16. ಇವನು ಆರ್‌ಬಿ ಅನ್ನುವ ಇನ್ನೊಂದು ತಡೆ ಪ್ರೋಟೀನಿನ ಮೂಲಕ ಕೆಲಸ ಮಾಡುತ್ತಾನೆ. ಎಳೆಯರ ಮೈಯಲ್ಲಿ ಪಿ16 ಹುಡುಕಿದರೂ ಸಿಗುವುದು ಕಷ್ಟ. ವಯಸ್ಸು ಏರಿದಂತೆ ಏರುತ್ತ ಹೋಗುತ್ತದೆ.

ನನ್ನ ಕೆಲಸದಲ್ಲಿ ಪಿ16 ಕಾಣುವುದು ಬೇರೆ ಕಾರಣಕ್ಕೆ. ಗರ್ಭಕಂಠದ ಬಯಾಪ್ಸಿಗೆ ಪಿ16 ಹಾಕಿಸುತ್ತಾರೆ. ಎಚ್‌ಪಿವಿ ವೈರಸ್ಸಿನ ಕ್ಯಾನ್ಸರ್ ಇದ್ದರೆ ಇಡೀ ಪಟ್ಟಿ ಕಡು ಕಂದು. ತಡೆಯುವ ಪ್ರೋಟೀನ್ ಅಷ್ಟೊಂದು ಇದ್ದೂ ಗಡ್ಡೆ ಬೆಳೆದದ್ದು ಹೇಗೆ? ವೈರಸ್ಸು ಆರ್‌ಬಿಯನ್ನೇ ನಿಷ್ಕ್ರಿಯ ಮಾಡಿರುತ್ತದೆ. ಪಿ16 ಮೇಲಿನಿಂದ ಎಷ್ಟು ಕೂಗಿದರೂ ಕೆಳಗೆ ಕೇಳುವವರಿಲ್ಲ. ಅದೇ ವೈರಸ್ಸು ಇನ್ನೊಂದು ಕೈಯಲ್ಲಿ ಪಿ53ರನ್ನೂ ಕೊಲ್ಲಿಸುತ್ತದೆ. ಎರಡೂ ಕಾವಲು ತೆಗೆದು ಒಳಗೆ ಬರುವ ಇಂಥ ಚಾಲಾಕಿ ನೋಡಿದರೆ ಸಿಟ್ಟು ಬರುತ್ತದೆ. ಇದಕ್ಕೆ ಲಸಿಕೆ ಇದೆ, ಆದರೂ ನಮ್ಮ ಕಡೆ ಹೆಣ್ಣುಮಕ್ಕಳು ಗಡ್ಡೆ ಬಲಿತ ಮೇಲೆ ಬರುತ್ತಾರೆ ಅನ್ನುವುದು ಇನ್ನೊಂದು ಸಿಟ್ಟು. ಇರಲಿ.

ಪಿ16 ಇಲ್ಲದ ಇಲಿಗಳ ಬಗ್ಗೆ 2006ರಲ್ಲಿ ಮೂರು ಅಧ್ಯಯನ ಒಟ್ಟಿಗೆ ಬಂದವು. ವಯಸ್ಸಾದ ಮೇಲೂ ಅವುಗಳ ಮಿದುಳಿನ, ರಕ್ತದ ಕಾಂಡಕೋಶಗಳು ಚುರುಕಾಗಿದ್ದವು. ಇನ್ಸುಲಿನ್ ಮಾಡುವ ಮೇದೋಜ್ಜೀರಕದ ಕೋಶಗಳು ಎಳೆ ಇಲಿಯ ಹಾಗೆ ಹೊಸದಾಗಿ ಹುಟ್ಟುತ್ತಿದ್ದವು. ಮನೆಮನೆಗೊಬ್ಬರು ಶುಗರ್ ಇರುವ ನಮ್ಮ ಊರಿಗೆ ಆಸೆ ಹುಟ್ಟಿಸುವ ಸುದ್ದಿ. ಆದರೆ ಪಿ16 ಇಲ್ಲದ ಇಲಿಗಳಿಗೆ ಕ್ಯಾನ್ಸರ್ ಜಾಸ್ತಿ. ಜೀನನ್ನೇ ತೆಗೆದುಹಾಕಿ ಪಾರಾಗುವ ದಾರಿ ಇಲ್ಲಿಗೆ ಮುಚ್ಚಿತು.

ಹಾಗಾದರೆ ಜೀನನ್ನು ಮುಟ್ಟದೆ, ಅದು ನಿಲ್ಲಿಸಿ ಕೂರಿಸಿದ ಕೋಶಗಳನ್ನು ಮಾತ್ರ ತೆಗೆದರೆ? ಕೂತ ಕೋಶಗಳು ಸುಮ್ನೆ ಕೂತಿರುವುದಿಲ್ಲ. ಸುತ್ತಲಿಗೆ ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತಿರುತ್ತವೆ. ಇದನ್ನು ಬಿಡಿಸಿ ತೋರಿಸಿದವರಲ್ಲಿ ಜುಡಿತ್ ಕ್ಯಾಂಪಿಸಿ ಮುಖ್ಯರು. ನೆರೆಯ ಒಳ್ಳೆಯ ಕೋಶಗಳನ್ನೂ ಇವು ಕೆಡಿಸುತ್ತವೆ, ತಮಾಷೆಯೆಂದರೆ ವಯಸ್ಸಾದ ಮೇಲೆ ಪಕ್ಕದ ಗಡ್ಡೆಗಳಿಗೆ ಬೆಳೆಯಲು ನೆರವೂ ಆಗುತ್ತವೆ. ಕ್ಯಾನ್ಸರ್ ತಡೆಯಲು ನಿಲ್ಲಿಸಿದ ಕೋಶವೇ ಕ್ಯಾನ್ಸರಿಗೆ ಗೊಬ್ಬರ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡ್ಯಾರೆನ್ ಬೇಕರ್, ಯಾನ್ ವಾನ್ ಡ್ಯೂರ್ಸನ್ ಮತ್ತು ಜೊತೆಗಾರರು ಪಿ16 ತೋರಿಸುವ ಕೋಶಗಳು ಒಂದು ಔಷಧಿ ಕೊಟ್ಟ ಕೂಡಲೇ ಸಾಯುವಂಥ ಇಲಿಗಳನ್ನು ಮಾಡಿದರು. 2011ರಲ್ಲಿ ಬೇಗ ಮುದಿಯಾಗುವ ತಳಿಯಲ್ಲಿ, 2016ರಲ್ಲಿ ಮಾಮೂಲಿ ಇಲಿಗಳಲ್ಲಿ. ಒಂದು ವರ್ಷದ ವಯಸ್ಸಿನಿಂದ ಔಷಧಿ ಕೊಟ್ಟ ಮಾಮೂಲಿ ಇಲಿಗಳ ಸರಾಸರಿ ಆಯಸ್ಸು ಸುಮಾರು ಕಾಲು ಪಾಲು ಹೆಚ್ಚಿತು. ಗಡ್ಡೆಗಳೂ ತಡವಾಗಿ ಬಂದವು. ಹಾಗಂತ ಆ ಕೋಶಗಳು ಬರೀ ಕಸವೂ ಅಲ್ಲ, ಗಾಯ ಮಾಯಲು ಅವು ಬೇಕು ಅಂತ 2014ರಲ್ಲೇ ಕಂಡುಬಂದಿತ್ತು.

ಈಗ ಫೋನಿನಲ್ಲಿ ಬರುವ ಜಾಹೀರಾತುಗಳು. ಮುದಿ ಕೋಶ ತೆಗೆಯುವ ಗುಳಿಗೆ, ಟೆಲೋಮಿಯರ್ ಉದ್ದ ಮಾಡುವ ಪುಡಿ. ಯಾವುದೂ ಮನುಷ್ಯರ ಆಯಸ್ಸು ಹೆಚ್ಚಿಸಿದ್ದು ಸಾಬೀತಾಗಿಲ್ಲ. ಮುದಿ ಕೋಶಗಳ ಮೇಲೆ ಪ್ರಯೋಗದಲ್ಲಿರುವ ಡಾಸಾಟಿನಿಬ್ ರಕ್ತದ ಕ್ಯಾನ್ಸರಿಗೆ ಕೊಡುವ ಔಷಧಿ, ಅಂಗಡಿಯಿಂದ ತಂದು ನುಂಗುವ ಟಾನಿಕ್ ಅಲ್ಲ. ಟೆಲೋಮಿಯರ್ ಉದ್ದ ಮಾಡುವ ಕಿಣ್ವ ಟೆಲೋಮರೇಸ್. ಅದನ್ನು ಎಬ್ಬಿಸಿಕೊಂಡೇ ಹೆಚ್ಚಿನ ಕ್ಯಾನ್ಸರುಗಳು ನಿಲ್ಲದೆ ಬೆಳೆಯುವುದು. ದುಡ್ಡು ಕೊಟ್ಟು ಅದನ್ನು ಎಬ್ಬಿಸಿಕೊಳ್ಳುವ ಮೊದಲು ಎರಡು ಸಲ ಯೋಚಿಸಬೇಕು.

ಒಂದು ಜೀನ್ ಎಳೆತನದಲ್ಲಿ ಕಾಪಾಡಿ ಮುಪ್ಪಿನಲ್ಲಿ ಕಾಡುವುದನ್ನು ಪ್ರಕೃತಿ ಹೇಗೆ ಬಿಟ್ಟುಕೊಂಡಿತು? ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್ 1957ರಲ್ಲೇ, ಈ ಜೀನುಗಳ ಹೆಸರೂ ಗೊತ್ತಿಲ್ಲದ ಕಾಲದಲ್ಲಿ, ಇದಕ್ಕೆ ಉತ್ತರ ಬರೆದಿದ್ದರು. ಮಕ್ಕಳನ್ನು ಹೆತ್ತು ಬೆಳೆಸುವ ವಯಸ್ಸಿಗೆ ಲಾಭ ಮಾಡುವ ಜೀನ್ ಮುಂದಿನ ತಲೆಮಾರಿಗೆ ದಾಟುತ್ತದೆ. ಅದರ ನಷ್ಟ ಎಪ್ಪತ್ತಕ್ಕೆ ಬಂದರೆ ಪ್ರಕೃತಿಯ ಆಯ್ಕೆಗೆ ಅದು ಕಾಣುವುದೇ ಇಲ್ಲ. ಹಳೆಯ ಕಾಲದಲ್ಲಿ ಎಪ್ಪತ್ತಕ್ಕೆ ತಲುಪುತ್ತಿದ್ದವರೇ ಕಡಿಮೆ. ಯಾರೂ ತಲುಪುತ್ತಿರಲಿಲ್ಲ ಅಂತಲ್ಲ. ನಮ್ಮ ಊರಿನ ಸೂಫಿ ಸಂತ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಪ್ಲೇಗು, ಬರ, ಬಾಣಂತಿ ಸಾವು ತಪ್ಪಿಸಿಕೊಂಡವರಿಗೆ ದೇಹದಲ್ಲಿ ಅಷ್ಟು ದೂರದ ಬಲ ಆಗಲೂ ಇತ್ತು. ತಪ್ಪಿಸಿಕೊಂಡವರು ಬೆರಳೆಣಿಕೆ.

ಆನೆಯ ಲೆಕ್ಕ ಇನ್ನೂ ಚೆಂದ. ಮೈ ದೊಡ್ಡದಾದಷ್ಟೂ ಕೋಶಗಳು ಜಾಸ್ತಿ, ಕೆಡುವ ಅವಕಾಶ ಜಾಸ್ತಿ. ಆ ಲೆಕ್ಕಕ್ಕೆ ಆನೆಗಳೆಲ್ಲ ಕ್ಯಾನ್ಸರಿಂದಲೇ ಸಾಯಬೇಕು. ಸಾಯುವುದು ನೂರಕ್ಕೆ ಐದರಷ್ಟು. 2015ರಲ್ಲಿ ಗೊತ್ತಾದದ್ದು, ನಮಗೆ ಪಿ53 ಜೀನ್ ಒಂದಿದ್ದರೆ ಆನೆಯ ಜೀನೋಮಿನಲ್ಲಿ ಅದರ ಇಪ್ಪತ್ತು ನಕಲುಗಳಿವೆ. ಹೆಚ್ಚಿನವು ಅರೆಬರೆ ನಕಲುಗಳೇ, ಆದರೂ ಡಿಎನ್‌ಎಗೆ ಪೆಟ್ಟು ಬಿದ್ದರೆ ಆನೆಯ ಕೋಶ ನಮ್ಮದಕ್ಕಿಂತ ಬೇಗ ಪ್ರಾಣ ಬಿಡುತ್ತದೆ. ಅಷ್ಟೆಲ್ಲ ಇದ್ದೂ ಆನೆ ಹ್ಯೂಸ್ಟನ್ನಿನ ಇಲಿಯ ಹಾಗೆ ಅಕಾಲಕ್ಕೆ ಮುದಿಯಾಗುವುದಿಲ್ಲ. ಅರವತ್ತು ಎಪ್ಪತ್ತು ವರ್ಷ ಬದುಕುತ್ತದೆ. ಕ್ಯಾನ್ಸರ್ ಅಥವಾ ಮುಪ್ಪು, ಎರಡರಲ್ಲಿ ಒಂದು ಅನ್ನುವ ಕಟ್ಟಳೆ ಪ್ರಕೃತಿಯಲ್ಲಿ ಇಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಾಕಾನಿಗೆ ಇದೆಲ್ಲ ಹೇಳಿದರೆ ಅವನದು ಒಂದೇ ಮಾತು. "ನಿಮ್ಮ ಮುತ್ಯಾ ಮೂರು ಹೊತ್ತು ಬೀಡಿ ಸೇದ್ತಿದ್ದ. ತೊಂಬತ್ತು ದಾಟ್ಯಾನ. ಅವನಿಗ್ಯಾಕ ಬರ್ಲಿಲ್ಲ ಹೇಳು ತಮ್ಮಾ." ಪ್ರತಿ ಮನೆಯಲ್ಲೂ ಇಂಥ ಒಬ್ಬ ಮುತ್ಯಾ ಇರುತ್ತಾನೆ, ಹಳ್ಳಿಯ ಅರ್ಧ ಬೀಡಿ ಅವನ ಹೆಸರಲ್ಲಿ ಸುಡುತ್ತದೆ. ಹೊಗೆಯಲ್ಲಿರುವ ಬೆಂಜೋಪೈರೀನ್ ಅನ್ನುವ ರಾಸಾಯನಿಕ ಪಿ53 ಜೀನಿಗೆ ಎಲ್ಲಿ ಅಂಟುತ್ತದೆ ಅಂತ 1996ರಲ್ಲಿ ನೋಡಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆ ಜೀನ್ ಪದೇ ಪದೇ ಕೆಟ್ಟಿರುತ್ತದಲ್ಲ, ಬಹುಪಾಲು ಅದೇ ಜಾಗಗಳಲ್ಲಿ. ಅಂಟಿದಾಗಲೆಲ್ಲ ರಿಪೇರಿ ನಡೆಯುತ್ತದೆ, ಯಾವುದೋ ಒಂದು ಕೋಶದಲ್ಲಿ ಒಂದು ಸಲ ತಪ್ಪುತ್ತದೆ. ಮುತ್ಯಾನಲ್ಲಿ ರಿಪೇರಿ ತಪ್ಪಿದ್ದು ಕೇಡು ಮಾಡದ ಜಾಗದಲ್ಲಿ ಇದ್ದಿರಬೇಕು, ಇಲ್ಲವೇ ಅವನ ಕಾವಲು ಗಟ್ಟಿ ಇತ್ತು. "ಅಂದ್ರ ನಸೀಬು ಅನ್ನು" ಅಂದ ಕಾಕಾ. ಹೌದು, ಬಹಳಷ್ಟು ನಸೀಬೇ. ಆದರೆ ಬೀಡಿ ಸೇದಿ ಐವತ್ತಕ್ಕೆ ಹೋದವರ ಹೆಸರು ಯಾರೂ ಕಟ್ಟೆಯ ಮೇಲೆ ಕೂತು ಹೇಳುವುದಿಲ್ಲ.

ಗಟ್ಟಿ ಕಾವಲು ಅಂದೆನಲ್ಲ, ಅದರಲ್ಲೂ ಒಂದು ತೊಡಕಿದೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಪಿ53 ಪ್ರೋಟೀನಿನ 72ನೇ ಜಾಗದಲ್ಲಿ ಕೆಲವರಿಗೆ ಆರ್ಜಿನೈನ್ ಅನ್ನುವ ಅಮೈನೋ ಆಮ್ಲ ಇರುತ್ತದೆ, ಕೆಲವರಿಗೆ ಪ್ರೋಲೈನ್. ಎರಡೂ ಸಹಜ, ಯಾವುದೂ ರೋಗವಲ್ಲ. ಆರ್ಜಿನೈನ್ ಇರುವ ಪಿ53 ಕೆಟ್ಟ ಕೋಶವನ್ನು ಸಾಯಿಸುವುದರಲ್ಲಿ ಸ್ವಲ್ಪ ಚುರುಕು. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ 85 ದಾಟಿದವರನ್ನು ವರ್ಷಗಟ್ಟಲೆ ಗಮನಿಸಿ 2005ರಲ್ಲಿ ಬರೆದದ್ದು ಹೀಗಿದೆ: ತಂದೆ ತಾಯಿ ಇಬ್ಬರಿಂದಲೂ ಪ್ರೋಲೈನ್ ಬಂದವರಲ್ಲಿ ಕ್ಯಾನ್ಸರಿನ ಸಾವಿನ ಪಾಲು ಜಾಸ್ತಿ ಇತ್ತು, ಆದರೂ ಒಟ್ಟಿನಲ್ಲಿ ಅವರೇ ಹೆಚ್ಚು ದಿನ ಬದುಕಿದರು. ಕಾವಲು ಸ್ವಲ್ಪ ಸಡಿಲವಾಗಿದ್ದವರಿಗೆ ಉಳಿದ ಕೋಶಗಳ ಲಾಭ ಸಿಕ್ಕಿರಬಹುದು. ಇದು ಮಂದಿಯ ಸರಾಸರಿ. ಒಬ್ಬ ಮನುಷ್ಯನ ಆಯಸ್ಸನ್ನು ಇದರಿಂದ ಓದಲಾಗದು. ನಮ್ಮ ರಿಪೋರ್ಟಿನಲ್ಲಿ 72ನೇ ಜಾಗಕ್ಕೆ ಕಾಲಂ ಇಲ್ಲ. ಸದ್ಯಕ್ಕೆ ಬೇಡವೂ ಬೇಡ ಅಂತ ನನ್ನ ಅಭಿಪ್ರಾಯ. ಅದು ಗೊತ್ತಾದರೆ ಡಾಕ್ಟರು ಬರೆದುಕೊಡಬಹುದಾದ ಚೀಟಿ ಯಾವುದೂ ಇಲ್ಲ, ರೋಗಿಯ ತಲೆಗೆ ಇನ್ನೊಂದು ಚಿಂತೆ ಮಾತ್ರ.